ತೇವದ ಹವೆಯಲ್ಲಿ ಎ.ಸಿ. ಡಕ್ಟ್ ಕ್ಲೀನಿಂಗ್: ಕರೆಸುವ ಮೊದಲು ನೀರಿನ ಜಾಡು ಹಿಡಿಯಿರಿ

ಮಲಗುವ ಕೋಣೆಯ ಎ.ಸಿ. ಗ್ರಿಲ್ ಮೇಲೆ ಕಪ್ಪು ಚುಕ್ಕೆ ಕಂಡ ಕೂಡಲೇ ನಾನು ಡಕ್ಟ್ (ಎ.ಸಿ. ಗಾಳಿ ಸಾಗುವ ಕೊಳವೆ) ಕ್ಲೀನಿಂಗ್‌ನವರಿಗೆ ಫೋನ್ ಮಾಡಿದೆ. ಅವರು ಬಂದರು, ಅರ್ಧ ದಿನ ಬ್ರಷ್ ಆಡಿಸಿದರು, ಗ್ರಿಲ್ ತೊಳೆದು ಹಾಕಿ ಹೋದರು. ಮೂರು ತಿಂಗಳು ಕಳೆಯುವಷ್ಟರಲ್ಲಿ ಅದೇ ಗ್ರಿಲ್‌ನ ಅದೇ ಮೂಲೆಯಲ್ಲಿ ಚುಕ್ಕೆಗಳು ಮತ್ತೆ ಎದ್ದವು. ಆಗ ಸ್ಟೂಲ್ ಹತ್ತಿ, ಗ್ರಿಲ್ ಬಿಚ್ಚಿದೆ. ಒಂದು ಸ್ಕ್ರೂವಿನ ತಲೆಯ ಮೇಲೆ ನೀರಿನ ಹನಿ ನಿಂತಿತ್ತು. ಅದರ ಹಿಂದೆ, ಡಕ್ಟ್‌ನ ಬಾಯಿಗೂ ಸೀಲಿಂಗ್ ಹಲಗೆಗೂ ನಡುವೆ ಕಿರುಬೆರಳು ತೂರುವಷ್ಟು ಸಂದು. ಸೀಲಿಂಗ್ ಮೇಲಿನ ಬಿಸಿ, ತೇವದ ಗಾಳಿ ಆ ಸಂದಿನಿಂದ ಇಳಿದು ತಣ್ಣಗಿನ ಲೋಹಕ್ಕೆ ತಾಗಿ ನೀರಾಗುತ್ತಿತ್ತು. ಸಂದು ಮುಚ್ಚಿದೆ. ಆಮೇಲೆ ಆ ಮೂಲೆಯಲ್ಲಿ ಚುಕ್ಕೆ ಬರಲಿಲ್ಲ.

ಕ್ಲೀನಿಂಗ್ ಮಾಡಿದವರ ತಪ್ಪಲ್ಲ ಅದು. ಕೊಳೆ ತೆಗೆಯಿರಿ ಅಂದೆ, ತೆಗೆದರು. ನೀರು ಎಲ್ಲಿಂದ ಬರುತ್ತಿದೆ ಅಂತ ಅವರೂ ನೋಡಲಿಲ್ಲ, ನಾನೂ ಕೇಳಲಿಲ್ಲ. ತೇವದ ಹವೆಯಲ್ಲಿ ಡಕ್ಟ್ ಕೊಳೆಯಾಗುವುದಕ್ಕೆ ಧೂಳಿಗಿಂತ ನೀರೇ ದೊಡ್ಡ ಕಾರಣ. ಧೂಳು ಎಲ್ಲರ ಮನೆಯ ಡಕ್ಟ್‌ನಲ್ಲೂ ಇರುತ್ತದೆ. ಅದು ಒದ್ದೆಯಾದ ಮನೆಯಲ್ಲಿ ಮಾತ್ರ ಬೂಷ್ಟು ಹಿಡಿಯುತ್ತದೆ. ಹಾಗಾಗಿ ಡಕ್ಟ್ ತೊಳೆಸಬೇಕೋ ಬೇಡವೋ ಅನ್ನುವ ಪ್ರಶ್ನೆಗೆ ಕ್ಯಾಲೆಂಡರ್ ಉತ್ತರ ಕೊಡುವುದಿಲ್ಲ. ಮನೆಯನ್ನೇ ಕೇಳಬೇಕು. ಹೇಗೆ ಕೇಳುವುದು ಅಂತ ಇಲ್ಲಿ ಬರೆದಿದ್ದೇನೆ.

ಇದು ಒಂದೇ ಯಂತ್ರದಿಂದ ಡಕ್ಟ್ ಮೂಲಕ ಎಲ್ಲ ಕೋಣೆಗೂ ಗಾಳಿ ಹೋಗುವ ಮನೆಗಳಿಗೆ. ಗೋಡೆಗೆ ತೂಗುಹಾಕುವ ಸ್ಪ್ಲಿಟ್ ಎ.ಸಿ.ಗೆ ಡಕ್ಟ್ ಇರುವುದಿಲ್ಲ. ಅದರಲ್ಲಿ ವಾಸನೆ ಬಂದರೆ ಕಾಯಿಲ್ (ಗಾಳಿಯನ್ನು ತಣ್ಣಗೆ ಮಾಡುವ ಕೊಳವೆಗಳ ಸುರುಳಿ), ಫ್ಯಾನ್ ಮತ್ತು ನೀರಿನ ಟ್ರೇ ನೋಡಿದರೆ ಸಾಕು.

ಬೇಕಾಗುವ ಸಾಮಾನು

ಒಂದು ಟಾರ್ಚ್, ಸ್ಕ್ರೂಡ್ರೈವರ್, ಫೋನಿನ ಕ್ಯಾಮೆರಾ, ಬಿಳಿ ಬಟ್ಟೆ ಚೂರು, ಗಾಳಿಯ ತೇವಾಂಶ ತೋರಿಸುವ ಎರಡು ಮೀಟರ್ (ಹೈಗ್ರೋಮೀಟರ್). ಮೀಟರ್ ಎರಡೇ ಯಾಕೆ ಅಂದರೆ ಒಂದು ಕೋಣೆಯಲ್ಲಿ ಇರಬೇಕು, ಇನ್ನೊಂದನ್ನು ಬೇರೆ ಬೇರೆ ಕಡೆ ಇಟ್ಟು ನೋಡಬೇಕು. ದೂರದಿಂದಲೇ ಶಾಖ ಅಳೆಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಕೆಲಸ ಇನ್ನೂ ಸಲೀಸು.

ಅಗ್ಗದ ತೇವಾಂಶ ಮೀಟರ್‌ಗಳು ಕೆಲವೊಮ್ಮೆ ಐದಾರು ಅಂಕಿ ಹೆಚ್ಚು ಕಡಿಮೆ ತೋರಿಸುತ್ತವೆ. ಅದನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬಾಟಲಿಯ ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ. ಕರಗಿ ನೀರಾಗಬಾರದು, ಒದ್ದೆ ಮರಳಿನ ಹಾಗೆ ಆಗುವಷ್ಟು ಕೆಲವು ಹನಿ ನೀರು ಬಿಡಿ. ಮುಚ್ಚಳ ಮತ್ತು ಮೀಟರ್ ಎರಡನ್ನೂ ಗಾಳಿ ಆಡದ ಜಿಪ್ ಚೀಲದಲ್ಲಿಟ್ಟು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಶೇ. 75 ತೋರಿಸಬೇಕು. 70 ತೋರಿಸಿದರೆ, ಆ ಮೀಟರ್‌ಗೆ ಇನ್ನು ಮುಂದೆ 5 ಸೇರಿಸಿ ಓದಿ. ಈ ಒಂದು ರಾತ್ರಿ ಕಾಯುವುದು ದಂಡ ಅನ್ನಿಸಬಹುದು. ಆದರೆ ಮುಂದಿನ ಎಲ್ಲ ತೀರ್ಮಾನವೂ ಈ ಅಂಕಿಯ ಮೇಲೇ ನಿಂತಿರುತ್ತದೆ, ಬಿಡಬೇಡಿ.

ಇನ್‌ಫ್ರಾರೆಡ್ ಥರ್ಮಾಮೀಟರ್‌ದೂ ಒಂದು ತಕರಾರಿದೆ. ಹೊಳೆಯುವ ಲೋಹದ ಮೇಲೆ ಅದು ತಪ್ಪು ಲೆಕ್ಕ ಕೊಡುತ್ತದೆ. ಲೋಹದ ಮೇಲೆ ಕರಿ ಇನ್ಸುಲೇಶನ್ ಟೇಪಿನ ಚೂರು ಅಂಟಿಸಿ, ಎರಡು ನಿಮಿಷ ಬಿಟ್ಟು, ಆ ಟೇಪಿನ ಶಾಖ ಅಳೆಯಿರಿ.

ಮೊದಲು ಎರಡು ದಿನ ಸುಮ್ನೆ ಅಳೆಯಿರಿ

ಮನೆಯಲ್ಲಿ ಜಾಸ್ತಿ ಹೊತ್ತು ಕಳೆಯುವ ಕೋಣೆಯಲ್ಲಿ, ಗ್ರಿಲ್‌ನ ಗಾಳಿ ನೇರವಾಗಿ ಬೀಳದ ಕಡೆ ಮೀಟರ್ ಇಡಿ. ಎರಡು ದಿನ, ದಿನಕ್ಕೆ ನಾಲ್ಕೈದು ಸಲ ಅಂಕಿ ಬರೆದುಕೊಳ್ಳಿ. ಆಗ ಎ.ಸಿ. ಓಡುತ್ತಿತ್ತೋ ನಿಂತಿತ್ತೋ ಅದನ್ನೂ ಬರೆಯಿರಿ.

ಶೇ. 50ರ ಆಸುಪಾಸು ಇದ್ದರೆ ಒಳ್ಳೆಯದು. 60 ದಾಟಿ ಅಲ್ಲೇ ನಿಂತರೆ ತೊಂದರೆ ಇದೆ. ಯಾಕೆ ಅಂತ ಒಂದು ಲೆಕ್ಕದಲ್ಲಿ ನೋಡೋಣ. ಕೋಣೆ 24 ಡಿಗ್ರಿ ಸೆಲ್ಸಿಯಸ್ ಇದೆ ಅಂದುಕೊಳ್ಳಿ. ತೇವಾಂಶ ಶೇ. 50 ಇದ್ದರೆ, ಗಾಳಿಯಲ್ಲಿರುವ ಆವಿ ನೀರಾಗಿ ಕೂರುವುದು ಸುಮಾರು 13 ಡಿಗ್ರಿಗಿಂತ ತಣ್ಣಗಿನ ವಸ್ತುವಿನ ಮೇಲೆ ಮಾತ್ರ. ಇದಕ್ಕೇ ಇಬ್ಬನಿ ಬಿಂದು ಅನ್ನುವುದು. ಶೇ. 60 ಆದರೆ ಅದು 16ರ ಹತ್ತಿರ ಬರುತ್ತದೆ, ಶೇ. 70 ಆದರೆ 18ಕ್ಕೆ ಏರುತ್ತದೆ. ಎ.ಸಿ.ಯ ಗಾಳಿ ಸಾಮಾನ್ಯವಾಗಿ 12ರಿಂದ 15 ಡಿಗ್ರಿಯಲ್ಲಿ ಹೊರಬರುತ್ತದೆ, ಗ್ರಿಲ್‌ನ ಲೋಹವೂ ಹತ್ತಿರ ಹತ್ತಿರ ಅಷ್ಟೇ ತಣ್ಣಗಿರುತ್ತದೆ. ಅಂದರೆ ಶೇ. 50ರಲ್ಲಿ ಒಣಗಿರುವ ಗ್ರಿಲ್ ಶೇ. 70ರಲ್ಲಿ ಬೆವರಲೇಬೇಕು. ಅದರಲ್ಲಿ ಗ್ರಿಲ್‌ನದ್ದಾಗಲಿ ಡಕ್ಟ್‌ನದ್ದಾಗಲಿ ತಪ್ಪೇನಿಲ್ಲ. ಇಂಥ ಮನೆಯಲ್ಲಿ ಡಕ್ಟ್ ತೊಳೆಸಿ ಏನು ಬಂತು? ಮೊದಲು ಮನೆಯ ತೇವ ಇಳಿಸಬೇಕು.

ಸೀಲಿಂಗ್ ಮೇಲಿನ ಜಾಗದ ಕಥೆ ಇನ್ನೂ ಕಷ್ಟ. ಅಲ್ಲಿ 30 ಡಿಗ್ರಿ ಶಾಖ, ಶೇ. 80 ತೇವಾಂಶ ಇದ್ದರೆ ಇಬ್ಬನಿ ಬಿಂದು 26 ಡಿಗ್ರಿ. ಡಕ್ಟ್‌ಗೆ ಸುತ್ತಿದ ಇನ್ಸುಲೇಶನ್ (ಶಾಖ ತಡೆಯುವ ಹೊದಿಕೆ) ಒಂದಂಗುಲ ಹರಿದಿದ್ದರೂ ಸಾಕು, ಅಷ್ಟು ಜಾಗದಲ್ಲಿ ಡಕ್ಟ್ ಹೊರಮೈ ನೀರು ಸುರಿಸುತ್ತದೆ. ಸೀಲಿಂಗ್‌ನಲ್ಲಿ ಕಂದು ಕಲೆ ಕಂಡು ಛಾವಣಿ ಸೋರುತ್ತಿದೆ ಅಂದುಕೊಳ್ಳುವವರು ಬಹಳ ಜನ. ಕಲೆ ಮಳೆ ಬಂದ ದಿನ ಬೆಳೆಯುತ್ತದೋ, ಎ.ಸಿ. ಜಾಸ್ತಿ ಓಡಿದ ದಿನ ಬೆಳೆಯುತ್ತದೋ ಗಮನಿಸಿ. ಎರಡನೆಯದಾದರೆ ಅದು ಡಕ್ಟ್‌ನ ಬೆವರು.

ವಾಸನೆ ಯಾವಾಗ ಬರುತ್ತದೆ?

ಮುಗ್ಗಿದ ವಾಸನೆ ಬಂತು ಅಂದ ತಕ್ಷಣ ಎಲ್ಲರೂ ಡಕ್ಟ್ ಕಡೆ ಬೆರಳು ತೋರಿಸುತ್ತಾರೆ. ವಾಸನೆ ಬರುವ ಹೊತ್ತನ್ನು ಗಮನಿಸಿದರೆ ಅದರ ಮೂಲ ಅರ್ಧ ಸಿಕ್ಕಂತೆ.

ಎ.ಸಿ. ಹಾಕಿದ ಮೊದಲ ಕೆಲವು ನಿಮಿಷ ಒದ್ದೆ ಕಾಲುಚೀಲದಂಥ ವಾಸನೆ ಬಂದು ಆಮೇಲೆ ಮಾಯವಾದರೆ, ಮೊದಲ ಅನುಮಾನ ಕಾಯಿಲ್ ಮೇಲೆ. ಕಾಯಿಲ್‌ನ ತೆಳು ರೆಕ್ಕೆಗಳ ಮೇಲೆ ಧೂಳು ಮತ್ತು ನೀರು ಸೇರಿ ಲೋಳೆ ಕಟ್ಟಿರುತ್ತದೆ. ಇದಕ್ಕೆ ಕಾಯಿಲ್ ಮತ್ತು ಟ್ರೇ ತೊಳೆಸಿ ನೋಡಿ. ಡಕ್ಟ್‌ಗೆ ಕೈಹಾಕುವ ಅಗತ್ಯವೇ ಬರದಿರಬಹುದು.

ಎ.ಸಿ. ಓಡುವಷ್ಟು ಹೊತ್ತೂ, ಎಲ್ಲ ಕೋಣೆಯಲ್ಲೂ ಒಂದೇ ಸಮನೆ ವಾಸನೆ ಬಂದರೆ ಯಂತ್ರದ ಪೆಟ್ಟಿಗೆ ಅಥವಾ ರಿಟರ್ನ್ ಡಕ್ಟ್ ನೋಡಿ. ಕೋಣೆಯ ಗಾಳಿಯನ್ನು ಯಂತ್ರಕ್ಕೆ ವಾಪಸ್ ಎಳೆಯುವ ದಾರಿ ಅದು. ಒಂದೇ ಕೋಣೆಯಲ್ಲಿ ಮಾತ್ರ ಬಂದರೆ ಆ ಕೋಣೆಗೆ ಹೋಗುವ ಕವಲು. ಎ.ಸಿ. ನಿಂತು ಎರಡು ಗಂಟೆ ಆದಮೇಲೂ ವಾಸನೆ ಇದ್ದರೆ ಡಕ್ಟ್ ಬಿಟ್ಟುಬಿಡಿ, ಬೀರು ಹಿಂದಿನ ಗೋಡೆ, ಕಾರ್ಪೆಟ್, ಹಾಸಿಗೆ ಕೆಳಗೆ ನೋಡಿ.

ಗ್ರಿಲ್ ಬಿಚ್ಚಿ ನೋಡುವುದು

ಎ.ಸಿ.ಯನ್ನು ಥರ್ಮೋಸ್ಟಾಟ್‌ನಲ್ಲಿ ಮಾತ್ರವಲ್ಲ, ಮೇನ್ ಸ್ವಿಚ್‌ನಲ್ಲೇ ಆಫ್ ಮಾಡಿ. ಎನ್95 ಮಾಸ್ಕ್, ಕೈಗವಸು, ಕನ್ನಡಕ ಹಾಕಿಕೊಳ್ಳಿ. ಆಸ್ತಮಾ ಇರುವವರು, ರೋಗ ತಡೆಯುವ ಶಕ್ತಿ ಕಡಿಮೆ ಇರುವವರು ಈ ಕೆಲಸಕ್ಕೆ ಇಳಿಯಬೇಡಿ. ಆ ಹೊತ್ತಿನಲ್ಲಿ ಅವರು ಬೇರೆ ಕೋಣೆಯಲ್ಲಿರಲಿ.

ಮೂರು ಕಡೆ ನೋಡಬೇಕು: ಯಂತ್ರಕ್ಕೆ ತೀರಾ ಹತ್ತಿರದ ಸಪ್ಲೈ ಗ್ರಿಲ್ (ಕೋಣೆಗೆ ತಣ್ಣನೆ ಗಾಳಿ ಬಿಡುವುದು), ಅತಿ ದೂರದ ಸಪ್ಲೈ ಗ್ರಿಲ್, ರಿಟರ್ನ್ ಗ್ರಿಲ್. ಹತ್ತಿರದ್ದು ಮುಖ್ಯ. ಯಾಕೆಂದರೆ ಕಾಯಿಲ್ ದಾಟಿದ ಗಾಳಿ ತಣ್ಣಗಾಗಿರುತ್ತದೆ, ಆದರೆ ಹೆಚ್ಚು ಕಡಿಮೆ ತೇವ ತುಂಬಿಯೇ ಇರುತ್ತದೆ. ಶೇ. 90 ದಾಟಿರುವುದು ಸಾಮಾನ್ಯ. ಡಕ್ಟ್‌ನ ಮೊದಲ ಒಂದೆರಡು ಮೀಟರ್‌ನಲ್ಲಿ ಧೂಳು ಕೂತರೆ ಅದು ಒಣಗುವುದೇ ಕಷ್ಟ. ಬೂಷ್ಟು ಮೊದಲು ಹುಟ್ಟುವ ಜಾಗಗಳಲ್ಲಿ ಇದೂ ಒಂದು. ದೂರದ ಗ್ರಿಲ್ ಶುದ್ಧವಾಗಿದೆ ಅಂತ ಸಮಾಧಾನ ಮಾಡಿಕೊಳ್ಳಬೇಡಿ.

ಗ್ರಿಲ್ ತೆಗೆದು, ಫೋನಿನ ಫ್ಲ್ಯಾಶ್ ಹಾಕಿ, ಕೈಯನ್ನು ತೋಳಿನವರೆಗೆ ಒಳಗೆ ಬಿಟ್ಟು ವಿಡಿಯೊ ಮಾಡಿ. ತೆಳ್ಳಗೆ, ಒಂದೇ ಸಮನೆ ಬೂದು ಬಣ್ಣದ ಒಣ ಧೂಳಿನ ಪದರ ಕಂಡರೆ ಅದು ಮಾಮೂಲು. ಅದು ಲೋಹಕ್ಕೆ ಅಂಟಿಕೊಂಡೇ ಇರುತ್ತದೆ, ಕೋಣೆಗೆ ಹಾರಿ ಬರಬೇಕೆಂದಿಲ್ಲ. ರಿಟರ್ನ್ ಕಡೆ ಧೂಳು ಯಾವಾಗಲೂ ಜಾಸ್ತಿ. ಅದು ಫಿಲ್ಟರ್‌ಗಿಂತ ಮೊದಲಿನ ದಾರಿ, ಗಾಬರಿ ಬೇಡ. ಅನುಮಾನವಿದ್ದರೆ ಸಪ್ಲೈ ಗ್ರಿಲ್‌ಗೆ ತೆಳು ಬಿಳಿ ಬಟ್ಟೆ ಕಟ್ಟಿ ಕಾಲು ಗಂಟೆ ಫ್ಯಾನ್ ಓಡಿಸಿ. ಬಟ್ಟೆಯ ಮೇಲೆ ಧೂಳಿನ ಉಂಡೆ, ಇನ್ಸುಲೇಶನ್ ಎಳೆ, ಕಪ್ಪು ಪುಡಿ ಬಂದು ಬಿದ್ದರೆ ಡಕ್ಟ್‌ನಿಂದ ಕೋಣೆಗೆ ಕೊಳೆ ಬರುತ್ತಿದೆ ಅಂತ ಖಾತ್ರಿ.

ಚುಕ್ಕೆ ಚುಕ್ಕೆಯಾಗಿ, ದುಂಡಗೆ ಹರಡಿದ ಕಪ್ಪು ಅಥವಾ ಹಸಿರು ಮಚ್ಚೆ, ಮುಟ್ಟಿದರೆ ಜಾರುವ ಪದರ, ಹತ್ತಿಯಂಥ ರೋಮ ಕಂಡರೆ ಬೂಷ್ಟು ಅನ್ನುವ ಅನುಮಾನ ಬಲವಾಗುತ್ತದೆ. ಬಿಚ್ಚಿಟ್ಟ ಗ್ರಿಲ್ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಬಹುದು. ಹತ್ತಿಕಡ್ಡಿಯಲ್ಲಿ ಮನೆಯ ಬ್ಲೀಚ್ ಒಂದು ಹನಿ ತೆಗೆದು ಮಚ್ಚೆಗೆ ಮುಟ್ಟಿಸಿ, ಒಂದೆರಡು ನಿಮಿಷ ನೋಡಿ. ಬಣ್ಣ ತೆಳುವಾದರೆ ಬೂಷ್ಟು ಇರಬಹುದು, ಹಾಗೇ ಉಳಿದರೆ ಧೂಳೋ ಮಸಿಯೋ ಇರಬಹುದು. ಕಿಟಕಿ ತೆರೆದಿಟ್ಟು ಮಾಡಿ. ಬ್ಲೀಚ್ ಜೊತೆ ಅಮೋನಿಯಾ ಅಥವಾ ಆಸಿಡ್ ಇರುವ ಯಾವ ಕ್ಲೀನರ್ ಕೂಡ ಸೇರಬಾರದು, ವಿಷದ ಗಾಳಿ ಏಳುತ್ತದೆ. ಡಕ್ಟ್ ಒಳಗೆ ಬ್ಲೀಚ್ ಸುರಿಯುವ ಯೋಚನೆಯಂತೂ ಬೇಡವೇ ಬೇಡ.

ಇಲ್ಲೊಂದು ಮೋಸ ಹೋಗುವ ಜಾಗವಿದೆ. ಗಾಜುನಾರಿನ ಇನ್ಸುಲೇಶನ್ ಮೇಲೆ ಒಂದು ಕಡೆ ಮಾತ್ರ ಕಪ್ಪಾಗಿದ್ದರೆ ಬಹಳ ಸಲ ಅದು ಬೂಷ್ಟಾಗಿರುವುದಿಲ್ಲ. ಒಳಗಿನ ಸಂದಿನಿಂದ ಗಾಳಿ ಸೋರಿ, ಗಾಜುನಾರು ಫಿಲ್ಟರ್ ಹಾಗೆ ಆ ಗಾಳಿಯ ಧೂಳನ್ನು ಹಿಡಿದಿಟ್ಟುಕೊಂಡಿರುತ್ತದೆ. ಆ ಕಪ್ಪು ಗುರುತನ್ನು ಒರೆಸಿ ಹಾಕುವ ಮೊದಲು ಫೋಟೊ ತೆಗೆದುಕೊಳ್ಳಿ. ಡಕ್ಟ್ ಎಲ್ಲಿ ಸೋರುತ್ತಿದೆ ಅಂತ ಅದೇ ತೋರಿಸಿಕೊಡುತ್ತದೆ.

ಇಲಿ ಹಿಕ್ಕೆ, ಜಿರಳೆ, ಗೂಡು ಕಂಡರೆ ಬೇರೆ ವಿಚಾರವೇ ಬೇಡ, ಕ್ಲೀನಿಂಗ್ ಮಾಡಿಸಲೇಬೇಕು. ಒಣ ಹಿಕ್ಕೆಯನ್ನು ಪೊರಕೆಯಿಂದ ಗುಡಿಸಬೇಡಿ, ಅದರ ಧೂಳು ಉಸಿರಿಗೆ ಹೋದರೆ ರೋಗ ತರಬಹುದು. ಅವು ನುಗ್ಗಿದ ತೂತು ಮುಚ್ಚಿದ ಮೇಲೆ ಕ್ಲೀನಿಂಗ್, ಅದಕ್ಕಿಂತ ಮೊದಲಲ್ಲ.

ನೀರಿನ ಜಾಡು

ಬೂಷ್ಟು ಕಂಡಿತು, ಅಥವಾ ತೇವಾಂಶ 60ರ ಮೇಲೇ ನಿಂತಿದೆ ಅಂತಿಟ್ಟುಕೊಳ್ಳಿ. ಈಗ ಫೋನ್ ಎತ್ತುವ ಮೊದಲು ನೀರಿನ ಹಿಂದೆ ಹೋಗಿ. ಈ ಭಾಗಕ್ಕೆ ಸಮಯ ಹಿಡಿಯುತ್ತದೆ. ಇಡೀ ಕೆಲಸದಲ್ಲಿ ಇದಕ್ಕಿಂತ ಬೆಲೆಬಾಳುವ ಭಾಗ ಬೇರೆ ಇಲ್ಲ.

ಫ್ಯಾನ್ ಸ್ವಿಚ್ ಮೊದಲು ನೋಡಿ. ಥರ್ಮೋಸ್ಟಾಟ್‌ನಲ್ಲಿ ಫ್ಯಾನ್ 'ಆನ್'ನಲ್ಲಿದೆಯೋ 'ಆಟೊ'ದಲ್ಲಿದೆಯೋ? 'ಆನ್'ನಲ್ಲಿದ್ದರೆ ಕಂಪ್ರೆಸರ್ ನಿಂತ ಮೇಲೂ ಫ್ಯಾನ್ ತಿರುಗುತ್ತಲೇ ಇರುತ್ತದೆ. ಆಗ ಒದ್ದೆ ಕಾಯಿಲ್ ಮೇಲಿನ ನೀರು ಮತ್ತೆ ಆವಿಯಾಗಿ ಡಕ್ಟ್‌ಗೇ ವಾಪಸ್ ಹೋಗುತ್ತದೆ. ಕಷ್ಟಪಟ್ಟು ಹಿಂಡಿದ ನೀರನ್ನು ನಾವೇ ಮರಳಿ ಮನೆಗೆ ಊದಿದ ಹಾಗೆ ಅಲ್ವಾ? ಸಪ್ಲೈ ಗ್ರಿಲ್ ಬಾಯಲ್ಲಿ ಒಂದು ಮೀಟರ್ ಹಿಡಿದು, ಕೋಣೆಯಲ್ಲಿ ಇನ್ನೊಂದನ್ನು ಇಟ್ಟು, ಕಂಪ್ರೆಸರ್ ನಿಲ್ಲುವವರೆಗೂ ಕಾದು ನೋಡಿ. ನಿಂತ ಮೇಲೆ ಕೋಣೆಯ ಅಂಕಿ ಹತ್ತಿಪ್ಪತ್ತು ನಿಮಿಷದಲ್ಲಿ ಏರುತ್ತಾ ಹೋದರೆ ಇದೇ ಕಾರಣ ಇರಬಹುದು. 'ಆಟೊ'ಗೆ ತಿರುಗಿಸಿ, ಎರಡು ದಿನ ಮತ್ತೆ ಅಳೆಯಿರಿ. ಖರ್ಚಿಲ್ಲದೆ ತೊಂದರೆ ತೀರುವ ಮನೆಗಳೂ ಇವೆ.

ಆಮೇಲೆ ಓಡುವ ಹೊತ್ತು. ತೇವ ಜಾಸ್ತಿ ಇರುವ ದಿನ ಎ.ಸಿ. ಶುರುವಾಗಿ ನಿಲ್ಲುವವರೆಗೆ ಎಷ್ಟು ನಿಮಿಷ ಓಡುತ್ತದೆ ಅಂತ ಗಡಿಯಾರ ಹಿಡಿದು ನೋಡಿ. ಐದಾರು ನಿಮಿಷಕ್ಕೇ ನಿಂತುಬಿಡುತ್ತಿದ್ದರೆ ಯಂತ್ರ ಮನೆಗೆ ಬೇಕಾದ್ದಕ್ಕಿಂತ ದೊಡ್ಡದಾಗಿರಬಹುದು. ಅದು ಕೋಣೆಯನ್ನು ಬೇಗ ತಣ್ಣಗೆ ಮಾಡುತ್ತದೆ, ಆದರೆ ನೀರು ತೆಗೆಯುವುದಿಲ್ಲ. ಕಾಯಿಲ್ ಚೆನ್ನಾಗಿ ತಣ್ಣಗಾಗಿ, ಅದರ ಮೇಲೆ ನೀರು ಕೂತು, ಹನಿ ಟ್ರೇಗೆ ಇಳಿದು ಪೈಪ್ ದಾರಿ ಹಿಡಿಯಲು ಹಲವು ನಿಮಿಷ ಬೇಕು. ಅಷ್ಟರಲ್ಲಿ ಯಂತ್ರವೇ ನಿಂತಿರುತ್ತದೆ. ಕೋಣೆ ತಣ್ಣಗಿದ್ದರೂ ಮೈ ಅಂಟಂಟು ಅನ್ನಿಸುವ ಮನೆಗಳಲ್ಲಿ ಇದು ಸಾಮಾನ್ಯ. ಡ್ರೈನ್ ಪೈಪ್ ಕೆಳಗೆ ಒಂದು ದಿನ ಬಕೆಟ್ ಇಡಿ. ತೇವದ ಹವೆಯಲ್ಲಿ ಇಡೀ ಮನೆಯ ಎ.ಸಿ. ದಿನಕ್ಕೆ ಹಲವಾರು ಲೀಟರ್ ನೀರು ಹಿಂಡಬೇಕು. ಬಕೆಟ್ ಒಣಗಿದೆ, ಮನೆ ಒದ್ದೆಯಾಗಿದೆ ಅಂದರೆ ಎಲ್ಲೋ ತಪ್ಪಿದೆ. ದೊಡ್ಡ ಯಂತ್ರವನ್ನು ಬದಲಿಸಲು ಆಗದಿದ್ದರೆ ಬೇರೆಯೇ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಹಾಕಿಸುವುದು ಒಳ್ಳೆಯ ದಾರಿ. ಫ್ಯಾನ್ ವೇಗ ತಗ್ಗಿಸುವುದೂ ಇನ್ನೊಂದು ದಾರಿ. ಎ.ಸಿ.ಯ ಒಂದು ಟನ್ ಶಕ್ತಿಗೆ ನಿಮಿಷಕ್ಕೆ 400 ಘನ ಅಡಿ ಗಾಳಿ ಅನ್ನುವುದು ರೂಢಿಯ ಲೆಕ್ಕ. ತೇವದ ಹವೆಯಲ್ಲಿ ಅದನ್ನು 350ರ ಆಸುಪಾಸಿಗೆ ಇಳಿಸುತ್ತಾರೆ, ಗಾಳಿ ನಿಧಾನವಾಗಿ ಹಾದರೆ ಕಾಯಿಲ್ ಜಾಸ್ತಿ ನೀರು ಹಿಂಡುತ್ತದೆ. ಆದರೆ ಇದನ್ನು ಕೆಲಸ ಗೊತ್ತಿರುವ ಮೆಕ್ಯಾನಿಕ್ ಕೈಯಲ್ಲೇ ಮಾಡಿಸಿ. ತೀರಾ ಇಳಿಸಿದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟುತ್ತದೆ.

ಬಕೆಟ್‌ಗೆ ನೀರು ಬರದಿರಲು ಇನ್ನೊಂದು ಕಾರಣ ಡ್ರೈನ್ ಕಟ್ಟಿಕೊಂಡಿರುವುದು. ಟ್ರೇಯಲ್ಲಿ ನೀರು ನಿಂತಿದೆಯಾ, ಅಂಚಿನಲ್ಲಿ ಪಾಚಿಯಂಥ ಲೋಳೆ ಇದೆಯಾ ನೋಡಿ. ಒಂದು ಲೋಟ ನೀರು ಟ್ರೇಗೆ ಹುಯ್ದು, ಹೊರಗೆ ಬರುತ್ತದಾ ಅಂತ ನೋಡಲು ಯಾರನ್ನಾದರೂ ನಿಲ್ಲಿಸಿ. ಟ್ರೇ ಪೈಪ್ ಕಡೆ ವಾಲಿರಬೇಕು. ಪೈಪ್‌ನಲ್ಲಿ ಯು ಆಕಾರದ ಬಾಗು ಇರಬೇಕು. ಬಹುಪಾಲು ಯಂತ್ರಗಳಲ್ಲಿ ಫ್ಯಾನ್ ಕಾಯಿಲ್ ಕಡೆಯಿಂದ ಗಾಳಿ ಎಳೆಯುತ್ತದೆ. ಆ ಬಾಗು ಇಲ್ಲದಿದ್ದರೆ ಅದೇ ಎಳೆತ ಪೈಪ್‌ನಿಂದಲೂ ಹೊರಗಿನ ಗಾಳಿಯನ್ನು ಎಳೆದು, ನೀರು ಇಳಿಯದಂತೆ ತಡೆದು ಹಿಡಿಯುತ್ತದೆ.

ಇನ್ನು ಸೋರಿಕೆ. ರಿಟರ್ನ್ ಡಕ್ಟ್‌ನ ಜೋಡಣೆಗಳ ಹತ್ತಿರ ಊದುಬತ್ತಿ ಹಿಡಿದು ಫ್ಯಾನ್ ಓಡಿಸಿ. ಹೊಗೆ ಸಂದಿನೊಳಕ್ಕೆ ಸರಕ್ಕನೆ ಹೋದರೆ ಅಲ್ಲಿ ಸೀಲಿಂಗ್ ಮೇಲಿನ ತೇವದ ಗಾಳಿ ಒಳಗೆ ಬರುತ್ತಿದೆ ಅಂತ. ಇನ್ಸುಲೇಶನ್ ಪಕ್ಕ ಬೆಂಕಿ, ಜೋಪಾನ. ಹತ್ತಲು ಆಗದ ಕಡೆ ಶಾಖದಿಂದ ಕಂಡುಹಿಡಿಯಬಹುದು. ಕೋಣೆಯ ರಿಟರ್ನ್ ಗ್ರಿಲ್‌ನಲ್ಲಿ ಗಾಳಿ 25 ಡಿಗ್ರಿ ಇದ್ದು, ಅದೇ ಗಾಳಿ ಯಂತ್ರದ ಬಾಯಿಗೆ ಬರುವಷ್ಟರಲ್ಲಿ 28 ಆಗಿದ್ದರೆ ದಾರಿಯಲ್ಲಿ ಬಿಸಿ ಗಾಳಿ ಸೇರಿಕೊಂಡಿದೆ ಅನ್ನುವ ಅನುಮಾನ ಸರಿ. ಸಪ್ಲೈ ಡಕ್ಟ್ ಸೋರಿದರೆ ತಣ್ಣನೆ ಗಾಳಿ ಪೋಲಾಗುತ್ತದೆ ಅಷ್ಟೇ ಅಂದುಕೊಳ್ಳುತ್ತೇವೆ. ಅಷ್ಟೇ ಅಲ್ಲ. ಹೊರಗೆ ಸೋರಿಹೋದಷ್ಟು ಗಾಳಿಯನ್ನು ತುಂಬಿಕೊಳ್ಳಲು ಮನೆ ಕಿಟಕಿ, ಬಾಗಿಲು, ಸ್ವಿಚ್‌ಬೋರ್ಡ್‌ಗಳ ಸಂದಿನಿಂದ ಹೊರಗಿನ ಹಸಿ ಗಾಳಿಯನ್ನು ಎಳೆದುಕೊಳ್ಳುತ್ತದೆ. ಎ.ಸಿ. ಓಡಿದಷ್ಟೂ ತೇವ ಏರುವ ವಿಚಿತ್ರಕ್ಕೆ ಇದು ಕಾರಣ ಇರಬಹುದು.

ಸಂದು ಮುಚ್ಚಲು ಬಟ್ಟೆ ಬೆನ್ನಿನ ಡಕ್ಟ್ ಟೇಪ್ ಬಳಸಬೇಡಿ, ಹೆಸರಿನಲ್ಲಿ ಡಕ್ಟ್ ಇದ್ದರೂ ಸರಿ. ಅಮೆರಿಕದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯದವರು 1998ರಲ್ಲಿ ಬೇರೆ ಬೇರೆ ಟೇಪ್‌ಗಳನ್ನು ಬಿಸಿ ಮತ್ತು ತಣ್ಣನೆ ಗಾಳಿಗೆ ಒಡ್ಡಿ ಪರೀಕ್ಷಿಸಿದಾಗ ಕೆಟ್ಟದಾಗಿ ಸೋತದ್ದು ಇದೇ ಟೇಪ್. ಸಂದಿಗೆ ಮ್ಯಾಸ್ಟಿಕ್ ಅನ್ನುವ ಅಂಟು ಲೇಪ ಹಚ್ಚಿ, ಅಥವಾ ಡಕ್ಟ್‌ಗೆಂದೇ ಮಾಡಿದ ಅಲ್ಯೂಮಿನಿಯಂ ಟೇಪ್ ಅಂಟಿಸಿ. ಅಂಟಿಸುವ ಮೊದಲು ಧೂಳು ಒರೆಸಿ. ಒದ್ದೆ ಲೋಹಕ್ಕೆ ಏನೂ ಅಂಟುವುದಿಲ್ಲ.

ಫಿಲ್ಟರ್ ವಿಷಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಅದರ ಅಂಚು. ಫಿಲ್ಟರ್ ಮತ್ತು ಚೌಕಟ್ಟಿನ ನಡುವೆ ಸಂದಿದ್ದರೆ ಧೂಳು ಪಕ್ಕದಿಂದ ನುಸುಳಿ ನೇರ ಒದ್ದೆ ಕಾಯಿಲ್‌ಗೆ ಹೋಗಿ ಮೆತ್ತಿಕೊಳ್ಳುತ್ತದೆ.

ಡಕ್ಟ್ ಯಾವುದರಿಂದ ಮಾಡಿದ್ದು?

ತೊಳೆಸುವುದೋ ಬದಲಿಸುವುದೋ ಅನ್ನುವುದು ಇದರ ಮೇಲೆ ನಿಂತಿದೆ. ಒಳಮೈ ಬರಿ ತಗಡಾಗಿದ್ದರೆ ಚೆನ್ನಾಗಿ ತೊಳೆಯಬಹುದು. ಒಳಗೆ ಗಾಜುನಾರಿನ ಪದರವಿದ್ದು ಅದು ನೆನೆದು ಬೂಷ್ಟು ಹಿಡಿದಿದ್ದರೆ ತೊಳೆದು ಪ್ರಯೋಜನವಿಲ್ಲ, ಆ ಭಾಗ ಕಿತ್ತು ಹೊಸದು ಹಾಕಬೇಕು. ಮೇಲಿನಿಂದ ಬಣ್ಣದಂಥ ಲೇಪ ಹೊಡೆದು ಮುಚ್ಚಿಬಿಡುತ್ತೇವೆ ಅಂದರೆ ಒಪ್ಪಬೇಡಿ, ಒದ್ದೆ ಒಳಗೇ ಉಳಿಯುತ್ತದೆ. ಬಳುಕುವ ಫ್ಲೆಕ್ಸ್ ಡಕ್ಟ್‌ನ ಒಳಪದರ ತೆಳು ಪ್ಲಾಸ್ಟಿಕ್, ಗಟ್ಟಿ ಬ್ರಷ್ ತಾಗಿದರೆ ಹರಿಯುತ್ತದೆ. ಅದು ಜೋತುಬಿದ್ದು ಹೊಟ್ಟೆ ಬಿಟ್ಟ ಕಡೆ ನೀರು ನಿಂತಿರುತ್ತದೆ. ಕೊಳೆತ ಫ್ಲೆಕ್ಸ್ ತುಂಡನ್ನು ಬದಲಿಸುವುದೇ ಸರಿ, ಹೊಸದನ್ನು ಬಿಗಿಯಾಗಿ ಎಳೆದು ಕಟ್ಟಿಸಿ.

ಹಾಗಾದರೆ ಕರೆಸಬೇಕಾದ್ದು ಯಾವಾಗ?

ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 1997ರಲ್ಲಿ ಈ ವಿಷಯದ ಮೇಲೆ ಮನೆಯವರಿಗಾಗಿ ಒಂದು ಪುಸ್ತಿಕೆ ತಂದಿತು. ಡಕ್ಟ್ ತೊಳೆಸುವುದರಿಂದ ಕಾಯಿಲೆ ತಪ್ಪುತ್ತದೆ ಅಂತ ರುಜುವಾತಾಗಿಲ್ಲ, ಇಂತಿಷ್ಟು ವರ್ಷಕ್ಕೊಮ್ಮೆ ಅಂತ ವಾಡಿಕೆಯಾಗಿ ತೊಳೆಸಬೇಡಿ, ಬೇಕಾದಾಗ ತೊಳೆಸಿ ಅನ್ನುವುದು ಅದರ ಸಾರ. ಬೇಕಾದಾಗ ಅಂದರೆ ಮೂರು ಸಂದರ್ಭ: ಗಟ್ಟಿ ಮೈಯ ಡಕ್ಟ್‌ನಲ್ಲಿ ಅಥವಾ ಯಂತ್ರದ ಬೇರೆ ಭಾಗಗಳಲ್ಲಿ ಕಣ್ಣಿಗೆ ಕಾಣುವಷ್ಟು ಬೂಷ್ಟು ಬೆಳೆದಿದ್ದರೆ, ಇಲಿ ಹುಳ ಸೇರಿಕೊಂಡಿದ್ದರೆ, ಧೂಳು ಕಟ್ಟಿ ದಾರಿ ಮುಚ್ಚಿದ್ದರೆ ಅಥವಾ ಕೋಣೆಗೆ ಹಾರುತ್ತಿದ್ದರೆ. ನನ್ನ ಅನುಭವವೂ ಅದನ್ನೇ ಹೇಳುತ್ತದೆ. ತೇವದ ಹವೆಗೆ ನಾನು ಇನ್ನೆರಡು ಸೇರಿಸುತ್ತೇನೆ. ಮನೆ ರಿಪೇರಿ ಮಾಡಿಸುವಾಗ ಎ.ಸಿ. ಓಡಿಸಿ ಸಿಮೆಂಟ್, ಜಿಪ್ಸಂ ಪುಡಿ ಡಕ್ಟ್‌ಗೆ ಹೋಗಿದ್ದರೆ ಮಳೆಗಾಲಕ್ಕೆ ಮೊದಲೇ ತೆಗೆಸಿ. ಡಕ್ಟ್‌ಗೆ ನೀರು ನುಗ್ಗಿ 48 ಗಂಟೆಯೊಳಗೆ ಒಣಗದಿದ್ದರೂ ಹಾಗೆಯೇ, ಕಾಯಬೇಡಿ.

ಗ್ರಿಲ್‌ನಲ್ಲಿ ಮಾತ್ರ ಚುಕ್ಕೆ ಇದ್ದು ಒಳಗೆ ಏನೂ ಇಲ್ಲದಿದ್ದರೆ ಕರೆಸುವ ಅಗತ್ಯವಿಲ್ಲ. ಗ್ರಿಲ್ ತೊಳೆದು, ಅಂಚು ಮುಚ್ಚಿ, ತೇವ ಇಳಿಸಿ. ಶುರುವಿನಲ್ಲಿ ಮಾತ್ರ ವಾಸನೆ ಇದ್ದರೆ ಕಾಯಿಲ್ ಕ್ಲೀನಿಂಗ್. ಮನೆಯಲ್ಲಿ ಯಾರಿಗಾದರೂ ಸೀನು, ಕೆಮ್ಮು ಬಿಡದೆ ಇದ್ದು ಡಕ್ಟ್‌ನಲ್ಲಿ ಏನೂ ಕಾಣದಿದ್ದರೆ ಡಾಕ್ಟರ ಹತ್ತಿರ ಹೋಗಿ. ಡಕ್ಟ್ ತೊಳೆಸಿ ಕಾದು ಕೂತು ದಿನ ಕಳೆಯಬೇಡಿ.

ಬೂಷ್ಟೂ ಇದೆ, ನೀರಿನ ಮೂಲವೂ ಸಿಕ್ಕಿದೆ ಅಂದರೆ ಮೊದಲು ಮೂಲ ಸರಿಮಾಡಿ. ಒಂದು ವಾರ ತೇವಾಂಶ 55ರ ಕೆಳಗೆ ನಿಂತದ್ದು ಮೀಟರ್‌ನಲ್ಲಿ ಕಂಡ ಮೇಲೆ ಕ್ಲೀನಿಂಗ್‌ಗೆ ದಿನ ಗೊತ್ತುಮಾಡಿ. ಉಸಿರಾಟದ ತೊಂದರೆ ಇರುವವರು ಮನೆಯಲ್ಲಿದ್ದು ಬೂಷ್ಟು ಜಾಸ್ತಿ ಇದ್ದರೆ ಮಾತ್ರ ಅಷ್ಟು ಕಾಯುವುದು ಸರಿಯಲ್ಲ. ಆಗ ಎ.ಸಿ. ನಿಲ್ಲಿಸಿ ಎರಡೂ ಕೆಲಸ ಒಟ್ಟಿಗೆ ಮಾಡಿಸಿ.

ಅವರು ಬಂದಾಗ ನೋಡಬೇಕಾದ್ದು

ಬರುವ ಮೊದಲೇ ನೀವು ತೆಗೆದ ವಿಡಿಯೊ ತೋರಿಸಿ, ಕಾಯಿಲ್, ಫ್ಯಾನ್, ಟ್ರೇ ಕೂಡ ಸೇರಿದೆಯಾ ಅಂತ ಕೇಳಿ. ಡಕ್ಟ್ ಮಾತ್ರ ತೊಳೆದು ಕಾಯಿಲ್ ಬಿಟ್ಟರೆ ಆ ಕೊಳೆ ಮರುದಿನವೇ ಡಕ್ಟ್‌ಗೆ ಹೊರಡುತ್ತದೆ. ಸರಿಯಾಗಿ ಮಾಡುವವರು ದೊಡ್ಡ ಎಳೆಯುವ ಯಂತ್ರ ಜೋಡಿಸಿ ಇಡೀ ಡಕ್ಟ್‌ನ ಗಾಳಿಯನ್ನು ಒಂದು ಕಡೆಗೆ ಎಳೆಯುತ್ತಾ, ಇನ್ನೊಂದು ಕಡೆಯಿಂದ ಬ್ರಷ್ ಆಡಿಸಿ ಕೊಳೆ ಎಬ್ಬಿಸುತ್ತಾರೆ. ಎಳೆದ ಗಾಳಿ ಮನೆಯ ಹೊರಗೆ ಹೋಗಬೇಕು, ಅಥವಾ ಅತಿ ಸಣ್ಣ ಧೂಳನ್ನೂ ಹಿಡಿಯುವ ಹೆಪಾ ಫಿಲ್ಟರ್ ದಾಟಬೇಕು. ಉಳಿದ ಗ್ರಿಲ್‌ಗಳನ್ನು ಪ್ಲಾಸ್ಟಿಕ್‌ನಿಂದ ಮುಚ್ಚಿರಬೇಕು. ಗ್ರಿಲ್ ಬಾಯಿಗೆ ಮನೆಯ ವ್ಯಾಕ್ಯೂಮ್ ಇಟ್ಟು ಅರ್ಧ ಗಂಟೆಯಲ್ಲಿ ಮುಗಿಸುವುದು ಕ್ಲೀನಿಂಗ್ ಅಲ್ಲ. ಕೂತಿದ್ದ ಧೂಳನ್ನು ಎಬ್ಬಿಸಿ ಕೋಣೆಗೆ ಬಿಟ್ಟಂತೆ ಆಗುತ್ತದೆ.

ಕೊನೆಗೆ ಔಷಧಿ ಹೊಗೆ ಹಾಕಿಬಿಡೋಣ ಅನ್ನುತ್ತಾರೆ. ಬೂಷ್ಟನ್ನು ಕೆರೆದು ತೆಗೆಯುವ ಬದಲು ಸಾಯಿಸಿ ಬಿಟ್ಟರೂ ಅದರ ಪುಡಿ ಅಲ್ಲೇ ಇರುತ್ತದೆ, ಅಲರ್ಜಿ ಇರುವವರಿಗೆ ಅದೂ ತೊಂದರೆಯೇ. ಔಷಧಿಯ ಡಬ್ಬಿ ಕೇಳಿ ತೆಗೆದುಕೊಂಡು, ಡಕ್ಟ್ ಒಳಗೆ ಬಳಸಲು ಒಪ್ಪಿಗೆ ಇದೆ ಅಂತ ಬರೆದಿದೆಯಾ ಓದಿ. ಗಾಜುನಾರಿನ ಒಳಪದರಕ್ಕೆ ಹೊಡೆಯಲು ಬಿಡಬೇಡಿ. ಓಝೋನ್ ಯಂತ್ರ ಇಡುತ್ತೇವೆ ಅಂದರೆ ಬೇಡ ಅನ್ನಿ, ಓಝೋನ್ ಶ್ವಾಸಕೋಶಕ್ಕೆ ಕೆಟ್ಟದ್ದು.

ಅವರು ಸಾಮಾನು ಕಟ್ಟುವ ಮೊದಲು ಅದೇ ಮೂರು ಜಾಗದಲ್ಲಿ ಕ್ಯಾಮೆರಾ ಬಿಟ್ಟು ತೋರಿಸಲು ಹೇಳಿ. ಡಕ್ಟ್‌ಗೆ ಕೊರೆದ ತೂತುಗಳನ್ನು ಮುಚ್ಚಿ, ಮೇಲೆ ಇನ್ಸುಲೇಶನ್ ಮತ್ತೆ ಸುತ್ತಿದ್ದಾರಾ ನೋಡಿ. ಸುತ್ತದೆ ಬಿಟ್ಟ ತೂತು ನಾಳೆ ಬೆವರುವ ಜಾಗವಾಗುತ್ತದೆ.

ಮೀಟರ್ ಎತ್ತಿಡಬೇಡಿ. ಒಂದು ತಿಂಗಳಾದ ಮೇಲೆ, ತೇವ ಜಾಸ್ತಿ ಇರುವ ಒಂದು ಬೆಳಿಗ್ಗೆ, ಯಂತ್ರಕ್ಕೆ ಹತ್ತಿರದ ಗ್ರಿಲ್ ಬಿಚ್ಚಿ ಅದೇ ಕೋನದಿಂದ ಫೋಟೊ ತೆಗೆಯಿರಿ. ಹಳೆಯದರ ಪಕ್ಕ ಇಟ್ಟು ನೋಡಿ. ಚುಕ್ಕೆ ಮತ್ತೆ ಕಂಡರೆ ಬೆರಳನ್ನು ಲೋಹದ ಮೇಲೆ ಆಡಿಸಿ, ಎಲ್ಲಿ ಒದ್ದೆ ಹತ್ತುತ್ತದೆ ಅಂತ ಹುಡುಕಿ. ಆ ಜಾಗದಿಂದ ಶುರುಮಾಡಿ.